ಲಿನಕ್ಸ್ ಹಾಕುವಾಗ ಲ್ಯಾಪ್‌ಟಾಪ್ ಕೀಬೋರ್ಡ್ ಕೈಕೊಟ್ಟರೆ: ಮೊದಲು ಅದು ಎಲ್ಲಿ ನಿಂತಿತು ಅಂತ ಹಿಡಿಯಿರಿ

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡಿದಿರಿ. ಕಪ್ಪು ಮೆನು ಬಂತು. ಬಾಣದ ಕೀ ಓಡಿತು, ಎಂಟರ್ ಕೂಡ ಓಡಿತು. ಸ್ವಲ್ಪ ಹೊತ್ತಿಗೆ ಚೆಂದದ ಡೆಸ್ಕ್‌ಟಾಪ್ ಬಂತು. ಇನ್ನೇನು ವೈಫೈ ಪಾಸ್‌ವರ್ಡ್ ಹೊಡೆಯೋಣ ಅಂದರೆ ಒಂದಕ್ಷರವೂ ಬೀಳುತ್ತಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ಪೆನ್‌ಡ್ರೈವ್ ಅಳಿಸಿ ಮತ್ತೆ ಬರೆಯುವುದು. ಅದೂ ಆಗದಿದ್ದರೆ ಇನ್ನೊಂದು ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್‌ನ ಒಂದೊಂದು ರೂಪ), ಆಮೇಲೆ ಮತ್ತೊಂದು. 2023ರ ದೀಪಾವಳಿಗೆ ಹಾಸನಕ್ಕೆ ಹೋಗಿದ್ದಾಗ ಚಿಕ್ಕಮ್ಮನ ಮಗ ಹೀಗೇ ಮೂರು ಡಿಸ್ಟ್ರೋ ಮುಗಿಸಿ, ನಾಲ್ಕನೆಯದನ್ನು ಡೌನ್‌ಲೋಡ್‌ಗೆ ಹಾಕಿ ಕೂತಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಕೀಬೋರ್ಡ್ ಎಲ್ಲಿಯವರೆಗೆ ಕೆಲಸ ಮಾಡ್ತು?" ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ನೋಡಿಯೇ ಇರಲಿಲ್ಲ.

ಈ ಮಾರ್ಗದರ್ಶಿ ಪೂರ್ತಿ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಒಂದು ಮಾತು ಮೊದಲೇ ಹೇಳುತ್ತೇನೆ: ಕಮಾಂಡ್‌ಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ, ಸ್ಪೆಲಿಂಗ್ ಗೊಂದಲ ಆಗುವ ಕಡೆ ಬಿಡಿಸಿ ಹೇಳಿದ್ದೇನೆ.

ನಿಜಕ್ಕೂ ಸತ್ತಿದೆಯಾ?

ಮೊದಲು ಸುಳ್ಳು ಗಾಬರಿಗಳನ್ನು ಕಳೆಯೋಣ.

ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸುಡೊ (ಅಡ್ಮಿನ್ ಅಧಿಕಾರದಿಂದ ಕಮಾಂಡ್ ನಡೆಸುವುದು) ಪಾಸ್‌ವರ್ಡ್ ಕೇಳಿದಾಗ ಸಾಮಾನ್ಯವಾಗಿ ಚುಕ್ಕಿ, ನಕ್ಷತ್ರ ಏನೂ ಕಾಣುವುದಿಲ್ಲ. ಕೀಬೋರ್ಡ್ ಸರಿಯಾಗಿಯೇ ಇರುತ್ತದೆ. ಸುಮ್ನೆ ಪೂರ್ತಿ ಹೊಡೆದು ಎಂಟರ್ ಒತ್ತಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಬೂಟ್ ಆಗುವಾಗ ಬರುವ ಕಪ್ಪು ಪರದೆಯ ಪಾಸ್‌ವರ್ಡ್ ಸಾಲಿನದೂ ಎಷ್ಟೋ ಸಲ ಇದೇ ಕಥೆ.

ಎರಡನೆಯದು, ಕ್ಯಾಪ್ಸ್ ಲಾಕ್ ಪರೀಕ್ಷೆ. ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ಆ ದೀಪವನ್ನು ಹಚ್ಚುವುದು ಕೀಬೋರ್ಡ್ ತಾನಾಗಿಯೇ ಅಲ್ಲ, ಆಪರೇಟಿಂಗ್ ಸಿಸ್ಟಮ್ ಹೇಳಿದ ಮೇಲೆ. ದೀಪ ಹತ್ತಿ ಆರುತ್ತಿದ್ದರೆ ನೀವು ಒತ್ತಿದ್ದು ಲಿನಕ್ಸ್‌ಗೆ ತಲುಪಿದೆ, ತೊಂದರೆ ಅದಕ್ಕಿಂತ ಮೇಲೆ ಇದೆ ಅಂತ ಅರ್ಥ. ದೀಪ ಅಲ್ಲಾಡದಿದ್ದರೆ ಎರಡು ಸಾಧ್ಯತೆ: ಕೀಬೋರ್ಡ್ ತಲುಪುತ್ತಿಲ್ಲ, ಇಲ್ಲವೇ ಇಡೀ ಸಿಸ್ಟಮ್ಮೇ ಹೆಪ್ಪುಗಟ್ಟಿದೆ. ಟಚ್‌ಪ್ಯಾಡ್ ಮುಟ್ಟಿ, ಪರದೆಯ ಗಡಿಯಾರ ನೋಡಿ. ಎರಡೂ ನಿಂತಿದ್ದರೆ ಅದು ಬಹುಪಾಲು ಗ್ರಾಫಿಕ್ಸ್ ಡ್ರೈವರ್ ತಕರಾರು. ಆಗ ಗ್ರಬ್ ಮೆನುವಿನಲ್ಲಿ, ಅಂದರೆ ಶುರುವಿನಲ್ಲಿ ಬರುವ ಆ ಕಪ್ಪು ಮೆನುವಿನಲ್ಲಿ, 'ಸೇಫ್ ಗ್ರಾಫಿಕ್ಸ್' ಆರಿಸಿ ನೋಡಿ. ದೀಪ ತಾನೇ ಮಿಣಮಿಣ ಅನ್ನುತ್ತಿದ್ದರೆ ಕರ್ನಲ್ ಪ್ಯಾನಿಕ್ ಆಗಿದೆ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಕುಸಿದು ನಿಂತಿದೆ. ಆಗ ಕೀಬೋರ್ಡನ್ನು ಬೈದು ಉಪಯೋಗ ಇಲ್ಲ.

ಮೂರನೆಯದು, ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ 'ಸ್ಲೋ ಕೀಸ್' ಆನ್ ಆಗುವ ಸೌಲಭ್ಯ ಕೆಲವು ಡೆಸ್ಕ್‌ಟಾಪ್‌ಗಳಲ್ಲಿದೆ. ಅದು ಆನ್ ಆದರೆ ಕೀ ಮುಟ್ಟಿ ಬಿಟ್ಟರೆ ಅಕ್ಷರ ಬೀಳುವುದಿಲ್ಲ, ಒತ್ತಿ ಹಿಡಿಯಬೇಕು. ಕೈಯನ್ನು ಶಿಫ್ಟ್ ಮೇಲಿಟ್ಟುಕೊಂಡು ಯೋಚನೆ ಮಾಡುವ ಅಭ್ಯಾಸ ಇರುವವರಿಗೆ ಇದು ತಾನಾಗಿ ಗಂಟು ಬೀಳುತ್ತದೆ. ಒಂದು ಕೀಯನ್ನು ಎರಡು ಸೆಕೆಂಡ್ ಹಿಡಿದು ನೋಡಿ.

ಕೈಯಲ್ಲಿ ಇರಬೇಕಾದ್ದು

ಒಂದು ಯುಎಸ್‌ಬಿ ಕೀಬೋರ್ಡ್. ಪಕ್ಕದ ಮನೆಯಿಂದ ತಂದರೂ ಆಯಿತು, ಬೆಂಗಳೂರಿನವರಾದರೆ ಎಸ್‌ಪಿ ರೋಡ್ ಇದ್ದೇ ಇದೆ. ಪುಟ್ಟ ಡಾಂಗಲ್ ಇರುವ ವೈರ್‌ಲೆಸ್ ಕೀಬೋರ್ಡ್ ಸಹ ನಡೆಯುತ್ತದೆ. ಬ್ಲೂಟೂತ್ ಬೇಡ. ಅದನ್ನು ಜೋಡಿಸಲು ಮೊದಲು ಸಿಸ್ಟಮ್ ಪೂರ್ತಿ ಎದ್ದಿರಬೇಕು.

ಸದ್ಯಕ್ಕೆ ಯಾವ ಕೀಬೋರ್ಡೂ ಸಿಗದಿದ್ದರೆ, ಟಚ್‌ಪ್ಯಾಡ್ ಓಡುತ್ತಿದ್ದರೆ, ಉಬುಂಟು, ಫೆಡೋರಾದಂಥ ಗ್ನೋಮ್ ಡೆಸ್ಕ್‌ಟಾಪ್‌ಗಳಲ್ಲಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಸ್ಕ್ರೀನ್ ಕೀಬೋರ್ಡ್ ಆನ್ ಮಾಡಿ. ಒಂದೊಂದೇ ಅಕ್ಷರ ಕ್ಲಿಕ್ ಮಾಡಬೇಕು, ತಾಳ್ಮೆ ಬೇಕು. ಆದರೂ ಎರಡು ಕಮಾಂಡ್ ಹೊಡೆಯಲು ಸಾಕು.

ಫೋನನ್ನೂ ಹತ್ತಿರ ಇಟ್ಟುಕೊಳ್ಳಿ. ಪರದೆಯ ಫೋಟೋ ತೆಗೆಯಲು ಬೇಕು, ಯುಎಸ್‌ಬಿ ಟೆದರಿಂಗ್‌ನಿಂದ ಇಂಟರ್ನೆಟ್ ಕೊಡಲೂ ಬೇಕು.

ಹೆಜ್ಜೆ 1: ಎಲ್ಲಿ ನಿಂತಿತು?

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಪ್ರತಿ ನಿಲ್ದಾಣದಲ್ಲೂ ಒಂದೆರಡು ಕೀ ಒತ್ತುತ್ತಾ ಹೋಗಿ.

ಮೊದಲ ನಿಲ್ದಾಣ ಬಯೋಸ್, ಲ್ಯಾಪ್‌ಟಾಪಿನ ಸ್ವಂತ ಸೆಟ್ಟಿಂಗ್ ಪರದೆ. ಎಫ್2, ಡಿಲೀಟ್, ಎಸ್ಕೇಪ್ ಅಥವಾ ಎಫ್10, ಕಂಪನಿಗೊಂದು ಕೀ ಇರುತ್ತದೆ. ಎರಡನೆಯದು ಗ್ರಬ್ ಮೆನು. ಮೂರನೆಯದು ಲೈವ್ ಡೆಸ್ಕ್‌ಟಾಪ್, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಡೆಸ್ಕ್‌ಟಾಪ್. ಇನ್‌ಸ್ಟಾಲ್ ಆಗಿಹೋಗಿದ್ದರೆ ಇನ್ನೆರಡು: ಡಿಸ್ಕ್ ಪಾಸ್‌ವರ್ಡ್ ಕೇಳುವ ಜಾಗ, ಲಾಗಿನ್ ಪರದೆ.

ಗ್ರಬ್‌ವರೆಗೆ ಕೀಬೋರ್ಡ್ ನಡೆಸುವುದು ಲ್ಯಾಪ್‌ಟಾಪಿನ ಸ್ವಂತ ಫರ್ಮ್‌ವೇರ್, ಅಂದರೆ ಚಿಪ್‌ನಲ್ಲೇ ಬರುವ ಸಾಫ್ಟ್‌ವೇರ್. ಗ್ರಬ್ ದಾಟಿದ ಕ್ಷಣ ಲಿನಕ್ಸ್ ಕರ್ನಲ್ ಕೀಬೋರ್ಡನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಈ ಕೈ ಬದಲಾಗುವ ಜಾಗದಲ್ಲೇ ಜಾಸ್ತಿ ಎಡವಟ್ಟು ಆಗುವುದು. ಹಾಗಾಗಿ "ಗ್ರಬ್‌ನಲ್ಲಿ ಓಡುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಓಡಲ್ಲ" ಅಂದರೆ ಒಳ್ಳೆಯ ಸುದ್ದಿ. ಹಾರ್ಡ್‌ವೇರ್ ಸರಿ ಇದೆ ಅಂತ ಲ್ಯಾಪ್‌ಟಾಪೇ ಸಾಕ್ಷಿ ಹೇಳಿದ ಹಾಗೆ.

ಹೆಜ್ಜೆ 2: ಬಯೋಸ್‌ನಲ್ಲೇ ಓಡದಿದ್ದರೆ

ಇದರಲ್ಲಿ ಲಿನಕ್ಸ್‌ನ ತಪ್ಪೇನಿಲ್ಲ. ಚಾರ್ಜರ್ ಕಿತ್ತು, ಪೆನ್‌ಡ್ರೈವ್ ಸೇರಿ ಎಲ್ಲವನ್ನೂ ತೆಗೆದು, ಆಫ್ ಮಾಡಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪ್ ಒಳಗೆ ಎಂಬೆಡೆಡ್ ಕಂಟ್ರೋಲರ್ ಅನ್ನುವ ಪುಟ್ಟ ಚಿಪ್ ಇದೆ. ಕೀಬೋರ್ಡ್, ಫ್ಯಾನ್, ಬ್ಯಾಟರಿ ಎಲ್ಲ ಅದರ ಸುಪರ್ದಿಯಲ್ಲಿರುತ್ತವೆ. ಅದು ಒಮ್ಮೊಮ್ಮೆ ತಲೆಕೆಟ್ಟು ಕೂರುತ್ತದೆ, ಹೀಗೆ ಮಾಡಿದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೊಸದಾಗಿ ಶುರುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಒಳಗಿನ ರಿಬ್ಬನ್ ಕೇಬಲ್ ಅಥವಾ ಕೀಬೋರ್ಡೇ ಹೋಗಿರಬೇಕು, ರಿಪೇರಿ ಅಂಗಡಿ ನೋಡಿ.

ವಿಂಡೋಸ್ ಜೊತೆಯಲ್ಲೇ ಇಟ್ಟುಕೊಂಡು ಲಿನಕ್ಸ್ ಹಾಕುವವರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ನಿಜವಾದ ಶಟ್‌ಡೌನ್ ಆಗುವುದಿಲ್ಲ, ಅರ್ಧ ನಿದ್ದೆ ಅಷ್ಟೇ.

ಯುಎಸ್‌ಬಿ ಕೀಬೋರ್ಡ್ ಮಾತ್ರ ಬಯೋಸ್‌ನಲ್ಲಿ, ಗ್ರಬ್‌ನಲ್ಲಿ ಓಡದಿದ್ದರೆ ಬಯೋಸ್‌ನ ಫಾಸ್ಟ್ ಬೂಟ್ ಆಫ್ ಮಾಡಿ, ಲೆಗಸಿ ಯುಎಸ್‌ಬಿ ಸಪೋರ್ಟ್ ಇದ್ದರೆ ಆನ್ ಮಾಡಿ. ಸಮಯ ಉಳಿಸಲು ಫಾಸ್ಟ್ ಬೂಟ್ ಯುಎಸ್‌ಬಿಯನ್ನು ಎಬ್ಬಿಸದೇ ಮುಂದೆ ಹೋಗಿಬಿಡುತ್ತದೆ.

ಹೆಜ್ಜೆ 3: ಗ್ರಬ್ ದಾಟಿದ ಮೇಲೆ ಸತ್ತರೆ

ಇದೇ ಅಸಲು ಕಥೆ, ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಹೊಚ್ಚ ಹೊಸ ಲ್ಯಾಪ್‌ಟಾಪಿನ ಕೀಬೋರ್ಡ್ ಬಹುಶಃ ಯುಎಸ್‌ಬಿಯೇ ಅಲ್ಲ. 1984ರ ಐಬಿಎಂ ಪಿಸಿ ಎಟಿಯಲ್ಲಿ ಕೀಬೋರ್ಡ್ ನೋಡಿಕೊಳ್ಳಲು ಇಂಟೆಲ್ 8042 ಅನ್ನುವ ಚಿಪ್ ಇತ್ತು. ಇವತ್ತಿಗೂ ಬಹುಪಾಲು ಲ್ಯಾಪ್‌ಟಾಪ್‌ಗಳ ಎಂಬೆಡೆಡ್ ಕಂಟ್ರೋಲರ್ "ನಾನೇ ಆ 8042" ಅಂತ ವೇಷ ಹಾಕಿಕೊಂಡು ಕೂರುತ್ತದೆ. ಲಿನಕ್ಸ್‌ನಲ್ಲಿ ಅದರ ಜೊತೆ ಮಾತಾಡುವ ಡ್ರೈವರ್‌ನ ಹೆಸರೂ ಐ8042. ಕೀ ಒತ್ತಿದಾಗಲೆಲ್ಲ ಪ್ರೊಸೆಸರ್‌ಗೆ ಒಂದು ಗಂಟೆ ಬಾರಿಸುತ್ತದೆ, ಆ ಗಂಟೆಯ ನಂಬರ್ 1. ಇದನ್ನೇ ಐಆರ್‌ಕ್ಯು 1 ಅನ್ನುತ್ತಾರೆ. ಗಂಟೆ ಬಾರಿಸುವ ರೀತಿ ಯಾವುದು ಅಂತ ಫರ್ಮ್‌ವೇರ್ ಒಂದು ಪಟ್ಟಿಯಲ್ಲಿ ಬರೆದುಕೊಟ್ಟಿರುತ್ತದೆ. ಪಟ್ಟಿಯಲ್ಲಿ ಬರೆದದ್ದು ಒಂದು, ಕರ್ನಲ್ ಹಿಡಿದದ್ದು ಇನ್ನೊಂದು ಆದರೆ ಗಂಟೆ ಹೊಡೆದರೂ ಕೇಳುವವರಿಲ್ಲ.

2022ರ ಸುಮಾರಿಗೆ ಇದೇ ದೊಡ್ಡ ತಲೆನೋವಾಯಿತು. ಆಸುಸ್ ವಿವೋಬುಕ್‌ನ ಕೆಲವು ಮಾದರಿ, ಎಎಂಡಿ ರೈಜನ್ 6000 ಸಾಲಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಳೆ ಕರ್ನಲ್ ಈ ಗಂಟೆಯ ರೀತಿಯನ್ನು ತಾನೇ ಬದಲಾಯಿಸಿಬಿಡುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಬಂದ ಕರ್ನಲ್ 6.0ರ ಹೊತ್ತಿಗೆ ಇದಕ್ಕೆ ಮದ್ದು ಸೇರತೊಡಗಿತು. ಆಮೇಲೂ ಮಾದರಿಯ ಹೆಸರು ಹಿಡಿದು ಒಂದೊಂದನ್ನೇ ಕರ್ನಲ್‌ನ ಪಟ್ಟಿಗೆ ಸೇರಿಸುತ್ತಾ ಬಂದಿದ್ದಾರೆ. ಹಾನ್ಸ್ ಡಿ ಗೂಡೆ ಅನ್ನುವ ಡೆವಲಪರ್ ಹೆಸರು ಆ ಪ್ಯಾಚ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನಿಮ್ಮದೂ ಇದೇನಾ ಅಂತ ನೋಡಲು ಯುಎಸ್‌ಬಿ ಕೀಬೋರ್ಡ್ ಹಾಕಿ, ಲೈವ್ ಡೆಸ್ಕ್‌ಟಾಪ್‌ನಲ್ಲಿ ಟರ್ಮಿನಲ್ ತೆರೆಯಿರಿ.

ಸುಡೊ ಡಿಮೆಸ್ಗ್ | ಗ್ರೆಪ್ -ಐ ಐ8042

ಸುಡೊ ಅಂದರೆ ಎಸ್-ಯು-ಡಿ-ಓ, ಡಿಮೆಸ್ಗ್ ಅಂದರೆ ಡಿ-ಎಂ-ಇ-ಎಸ್-ಜಿ. ಕರ್ನಲ್ ಬರೆದಿಟ್ಟ ಸಂದೇಶಗಳನ್ನು ಡಿಮೆಸ್ಗ್ ತೋರಿಸುತ್ತದೆ, ಗ್ರೆಪ್ (ಜಿ-ಆರ್-ಇ-ಪಿ) ಅದರಲ್ಲಿ ಬೇಕಾದ ಸಾಲನ್ನು ಹುಡುಕುತ್ತದೆ. ನಡುವಿನ ನಿಂತ ಗೆರೆ ಬ್ಯಾಕ್‌ಸ್ಲ್ಯಾಶ್ ಕೀಯ ಮೇಲ್ಭಾಗದಲ್ಲಿರುತ್ತದೆ. ಉತ್ತರದಲ್ಲಿ 'ಪಿಎಸ್/2 ಕಂಟ್ರೋಲರ್' ಸಿಕ್ಕಿತು ಅನ್ನುವ ಸಾಲು, ಕೊನೆಗೆ 'ಐಆರ್‌ಕ್ಯು 1' ಇದ್ದರೆ ಕಂಟ್ರೋಲರ್ ಕಂಡಿದೆ. 'ನೋ ಕಂಟ್ರೋಲರ್ ಫೌಂಡ್' ಅಂದರೆ ಕರ್ನಲ್‌ಗೆ ಅದು ಕಂಡೇ ಇಲ್ಲ.

ಈಗ ಇದನ್ನು ಹೊಡೆಯಿರಿ:

ಸುಡೊ ಡಿಮೆಸ್ಗ್ | ಗ್ರೆಪ್ -ಐ ಓವರ್‌ರೈಡ್

'ಎಸಿಪಿಐ: ಐಆರ್‌ಕ್ಯು 1 ಓವರ್‌ರೈಡ್ ಟು ಎಡ್ಜ್, ಹೈ' ಅನ್ನುವ ಸಾಲು ಬಂದರೆ ಕಿವಿ ನಿಮಿರಿಸಿ. ನಾನು ಹೇಳಿದ ಗಂಟೆ ತಕರಾರಿನ ಗುರುತು ಅದು. ಎಸಿಪಿಐ ಅಂದರೆ ಫರ್ಮ್‌ವೇರ್ ಬರೆದುಕೊಡುವ ಆ ಪಟ್ಟಿಯ ವ್ಯವಸ್ಥೆ. ಖಾತ್ರಿ ಮಾಡಿಕೊಳ್ಳಲು:

ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್ | ಗ್ರೆಪ್ ಐ8042

ಪ್ರಾಕ್ ಅಂದರೆ ಪಿ-ಆರ್-ಓ-ಸಿ. ಒಂದೆರಡು ಸಾಲು ಬರುತ್ತವೆ. 1 ಅಂತ ಶುರುವಾಗುವುದು ಕೀಬೋರ್ಡಿನದು. ಪಕ್ಕದಲ್ಲಿ ಅಂಕಿಗಳ ಸಾಲೇ ಇರುತ್ತದೆ, ಪ್ರೊಸೆಸರ್‌ನ ಪ್ರತಿ ಕೋರ್‌ಗೆ ಒಂದು. ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡಿನಲ್ಲಿ ಯಾವುದಾದರೂ ಅಕ್ಷರವನ್ನು 10 ಸಲ ಒತ್ತಿ, ಅದೇ ಕಮಾಂಡ್ ಮತ್ತೆ ಹೊಡೆಯಿರಿ. ಒತ್ತಿದ್ದಕ್ಕೊಂದು, ಬಿಟ್ಟಿದ್ದಕ್ಕೊಂದು ಅಂತ ಯಾವುದಾದರೂ ಒಂದು ಅಂಕಿ ಸುಮಾರು 20 ಏರಬೇಕು.

ಹಾಸನದಲ್ಲಿ ಇದನ್ನೇ ಮಾಡಿಸಿದೆ. ಹುಡುಗ ಎಂಟರ್ ಪಕ್ಕದ ಕೀಯನ್ನು ಹತ್ತು ಸಲ, ಆಮೇಲೆ ಸಿಟ್ಟು ಬಂದು ಇನ್ನೂ ಮೂವತ್ತು ಸಲ ಕುಟ್ಟಿದ. ಸಾಲು ಮುಂಚೆ ಹೇಗಿತ್ತೋ ಹಾಗೇ ಇತ್ತು. ಒಂದೇ ಒಂದು ಅಂಕಿ ಅಲ್ಲಾಡಲಿಲ್ಲ. ಅವನ ಪೆನ್‌ಡ್ರೈವ್ ಬೇರೆ ಯಾರದ್ದೂ ಅಲ್ಲ, ನಾನೇ ಹಿಂದಿನ ವರ್ಷ ಕೊಟ್ಟದ್ದು, ಕರ್ನಲ್ 5.15. ಅವನು ಆಮೇಲೆ ಹಾಕಿ ನೋಡಿದ ಎರಡು ಡಿಸ್ಟ್ರೋಗಳ ಕರ್ನಲ್ ಅದಕ್ಕಿಂತ ಹಳೆಯದು. ಮೂರು ಡಿಸ್ಟ್ರೋ ಅಂತ ಅವನು ಅಂದುಕೊಂಡಿದ್ದ. ಕೀಬೋರ್ಡ್ ಮಟ್ಟಿಗೆ ಅವನು ಒಂದೇ ಔಷಧಿಯನ್ನು ಮೂರು ಬಾಟಲಿಯಿಂದ ಕುಡಿದಿದ್ದ, ಅಷ್ಟೇ. ಹೊಸ ಕರ್ನಲ್ ಇರುವ ಇಮೇಜ್ (ಪೆನ್‌ಡ್ರೈವ್‌ಗೆ ಬರೆಯುವ ಫೈಲ್) ಬರೆದು ಹಾಕಿದೆವು. ಮೊದಲ ಸಲಕ್ಕೇ ಕ್ಯಾಪ್ಸ್ ಲಾಕ್ ದೀಪ ಹತ್ತಿತು.

ಆದ್ದರಿಂದ ಡಿಸ್ಟ್ರೋ ಹೆಸರು ನೋಡಬೇಡಿ, ಕರ್ನಲ್ ನಂಬರ್ ನೋಡಿ. 'ಯುನೇಮ್ -ಆರ್' ಅಂತ ಹೊಡೆದರೆ ತಿಳಿಯುತ್ತದೆ. ಉಬುಂಟು 22.04 ಅಂತ ಒಂದೇ ಹೆಸರಿದ್ದರೂ ಮೊದಲ ಇಮೇಜ್‌ನಲ್ಲಿ 5.15 ಇತ್ತು, 22.04.3ರಲ್ಲಿ 6.2 ಬಂತು. 24.04 ಶುರುವಾಗಿದ್ದೇ 6.8ರಿಂದ. ಲ್ಯಾಪ್‌ಟಾಪ್ ಬಂದ ವರ್ಷಕ್ಕಿಂತ ಕರ್ನಲ್ ಹಳೆಯದಾಗಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಬೇರೆ ಮಾತು.

ವಿಂಡೋಸ್ ಇನ್ನೂ ಇದ್ದರೆ ಅದನ್ನು ಅಳಿಸುವ ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಕೆಲವು ಕಂಪನಿಗಳು ಅಪ್‌ಡೇಟನ್ನು ವಿಂಡೋಸ್ ಪ್ರೋಗ್ರಾಂ ಆಗಿ ಮಾತ್ರ ಕೊಡುತ್ತವೆ. ಅದಕ್ಕೂ ಮುಂಚೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

ಹೆಜ್ಜೆ 4: ಕರ್ನಲ್‌ಗೆ ಕಿವಿಮಾತು ಹೇಳುವುದು

ಹೊಸ ಕರ್ನಲ್‌ನಲ್ಲೂ ಆಗಲಿಲ್ಲ ಅಂದರೆ ಬೂಟ್ ಮಾಡುವಾಗ ಕರ್ನಲ್‌ಗೆ ಸೂಚನೆ ಕೊಡಬಹುದು. ಗ್ರಬ್ ಮೆನುವಿನಲ್ಲಿ ಆಯ್ಕೆಯ ಮೇಲೆ ನಿಂತು 'ಇ' ಒತ್ತಿ. ಲಿನಕ್ಸ್ ಅಂತ ಶುರುವಾಗುವ ಉದ್ದ ಸಾಲು ಹುಡುಕಿ. ಸಾಲಿನ ಕೊನೆಯಲ್ಲಿ ಮೂರು ಅಡ್ಡಗೆರೆ ಇದ್ದರೆ ಅದಕ್ಕೆ ಮುಂಚೆ, ಇಲ್ಲದಿದ್ದರೆ ತುದಿಯಲ್ಲಿ, ಒಂದು ಸ್ಪೇಸ್ ಬಿಟ್ಟು ಸೂಚನೆ ಬರೆಯಿರಿ. ಎಫ್10 ಅಥವಾ ಕಂಟ್ರೋಲ್-ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಹೆದರಬೇಕಿಲ್ಲ. ಗ್ರಬ್‌ನಲ್ಲಿ ಕೀಬೋರ್ಡ್ ಓಡುವುದರಿಂದ ಇಷ್ಟಕ್ಕೆ ಯುಎಸ್‌ಬಿ ಕೀಬೋರ್ಡ್ ಕೂಡ ಬೇಡ.

ನಾನು ಪ್ರಯತ್ನ ಮಾಡುವ ಕ್ರಮ ಹೀಗೆ. ಒಂದು ಸಲಕ್ಕೆ ಒಂದೇ. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಐ8042.ರೀಸೆಟ್ — ಶುರುವಿನಲ್ಲೇ ಕಂಟ್ರೋಲರನ್ನು ಒಮ್ಮೆ ತಟ್ಟಿ ಎಬ್ಬಿಸುತ್ತದೆ.

ಐ8042.ನೋಮಕ್ಸ್ — ಸ್ಪೆಲಿಂಗ್ ಎನ್-ಓ-ಎಂ-ಯು-ಎಕ್ಸ್. ಹಲವು ಪಾಯಿಂಟಿಂಗ್ ಸಾಧನಗಳನ್ನು ಬೇರೆ ಬೇರೆ ಮಾಡಿ ನೋಡುವ ಪ್ರಯತ್ನವನ್ನು ಕೈಬಿಡಿಸುತ್ತದೆ. ಕೀಬೋರ್ಡ್, ಟಚ್‌ಪ್ಯಾಡ್ ಎರಡೂ ಒಟ್ಟಿಗೆ ಸತ್ತಿದ್ದರೆ ನಾನು ಇದರಿಂದಲೇ ಶುರುಮಾಡುತ್ತೇನೆ.

ಐ8042.ನೋಪಿಎನ್‌ಪಿ — ಫರ್ಮ್‌ವೇರ್ ಪಟ್ಟಿಯನ್ನು ನಂಬಬೇಡ, ನೀನೇ ಹುಡುಕು ಅಂತ. 'ನೋ ಕಂಟ್ರೋಲರ್ ಫೌಂಡ್' ಬಂದವರಿಗೆ.

ಐ8042.ಡಂಬ್‌ಕೆಬಿಡಿ — ಡಿ-ಯು-ಎಂ-ಬಿ-ಕೆ-ಬಿ-ಡಿ. ಈ ಕೀಬೋರ್ಡ್ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ ಅಂತ ತಿಳಿದು ನಡೆದುಕೊಳ್ಳುತ್ತದೆ. ಕೆಲಸ ಮಾಡಿದರೂ ಕ್ಯಾಪ್ಸ್ ಲಾಕ್ ದೀಪ ಹತ್ತುವುದಿಲ್ಲ. ಅದನ್ನು ನೋಡಿ ಇನ್ನೂ ಕೆಟ್ಟಿದೆ ಅಂದುಕೊಳ್ಳಬೇಡಿ.

ಐ8042.ನೋಕೆಬಿಡಿ ಅನ್ನುವುದೂ ಒಂದಿದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಜನ ಅದನ್ನೂ ಸೇರಿಸುತ್ತಾರೆ. ಅದರ ಕೆಲಸವೇ ಕೀಬೋರ್ಡನ್ನು ಮುಟ್ಟದೇ ಬಿಡುವುದು!

ಎಸಿಪಿಐ=ಆಫ್ ಅಂತ ಹಾಕಿದರೆ ಒಮ್ಮೊಮ್ಮೆ ಕೀಬೋರ್ಡ್ ಜೀವ ಹಿಡಿಯುತ್ತದೆ. ಜೊತೆಗೆ ಬ್ಯಾಟರಿ ಅಳತೆ, ನಿದ್ದೆ, ಪವರ್ ಉಳಿತಾಯ ಎಲ್ಲ ಹೋಗುತ್ತದೆ. ರೋಗ ಫರ್ಮ್‌ವೇರ್ ಪಟ್ಟಿಯಲ್ಲಿದೆ ಅಂತ ತಿಳಿಯಲು ಒಮ್ಮೆ ಹಾಕಿ ನೋಡಿ, ಖಾಯಂ ಮಾಡಬೇಡಿ.

ಟಿಟಿವೈನಲ್ಲಿ ಓಡುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಇಲ್ಲ

ಯುಎಸ್‌ಬಿ ಕೀಬೋರ್ಡಿನಲ್ಲಿ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಎಫ್‌ಎನ್ ಸೇರಿಸಬೇಕಾಗಬಹುದು. ಟಿಟಿವೈ ಅನ್ನುವ, ಬರೀ ಅಕ್ಷರದ ಕಪ್ಪು ಪರದೆ ಬಂದು ಅಲ್ಲಿ ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡಿನಿಂದ ಅಕ್ಷರ ಬಿದ್ದರೆ ಕರ್ನಲ್ ನಿರಪರಾಧಿ. ಮಡಚಿ ಟ್ಯಾಬ್ಲೆಟ್ ಮಾಡಬಹುದಾದ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚು. ಮಡಚಿದಾಗ ಕೈ ತಗುಲಿ ಅಕ್ಷರ ಬೀಳಬಾರದು ಅಂತ ಲಿಬ್‌ಇನ್‌ಪುಟ್ (ಒತ್ತಿದ ಕೀಯನ್ನು ಡೆಸ್ಕ್‌ಟಾಪ್‌ಗೆ ತಲುಪಿಸುವ ಭಾಗ) ಕೀಬೋರ್ಡನ್ನು ನಿಲ್ಲಿಸುತ್ತದೆ. ಫರ್ಮ್‌ವೇರ್ ಸುಳ್ಳು ಹೇಳಿದರೆ ಲ್ಯಾಪ್‌ಟಾಪ್ ನೆಟ್ಟಗೆ ಕೂತಿದ್ದರೂ ಅದು ಟ್ಯಾಬ್ಲೆಟ್ ಅಂದುಕೊಂಡಿರುತ್ತದೆ. ಒಮ್ಮೆ ಪೂರ್ತಿ ಮಡಚಿ ಬಿಚ್ಚಿ ನೋಡಿ. ಆಗದಿದ್ದರೆ, ಇಂಟೆಲ್ ಲ್ಯಾಪ್‌ಟಾಪ್ ಆದರೆ, ಗ್ರಬ್ ಸಾಲಿನಲ್ಲಿ 'ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್=ಇಂಟೆಲ್_ವಿಬಿಟಿಎನ್' ಹಾಕಿ ಪರೀಕ್ಷಿಸಿ.

ಕನ್ನಡ ಲೇಔಟ್ ಮಾಡುವ ತಮಾಷೆ

ಇದು ನಮ್ಮವರಿಗೇ ಮೀಸಲಾದ ತೊಂದರೆ. ಇನ್‌ಸ್ಟಾಲರ್ ಕೀಬೋರ್ಡ್ ಲೇಔಟ್ ಕೇಳಿದಾಗ ಅಭಿಮಾನದಿಂದ ಕನ್ನಡ ಆರಿಸುತ್ತೀರಿ. ಮುಂದಿನ ಪುಟದಲ್ಲಿ ಯೂಸರ್‌ನೇಮ್ ಬೇಕು. ಅದು ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಬೇಕು. ನೀವು ಒತ್ತಿದ್ದು ಕನ್ನಡ ಅಕ್ಷರ ಆಗಿ ಹೋಗುತ್ತಿದೆ, ಆ ಖಾನೆ ಒಪ್ಪುತ್ತಿಲ್ಲ. ನೋಡಿದರೆ ಕೀಬೋರ್ಡ್ ಕೆಟ್ಟ ಹಾಗೇ ಕಾಣುತ್ತದೆ, ಅಲ್ವಾ?

ಇನ್‌ಸ್ಟಾಲ್ ಮಾಡುವಾಗ ಇಂಗ್ಲಿಷ್ ಯುಎಸ್ ಲೇಔಟ್ ಇಟ್ಟುಕೊಳ್ಳಿ. ರೂಪಾಯಿ ಚಿಹ್ನೆ ಬೇಕಾದವರು ರೂಪಾಯಿ ಚಿಹ್ನೆ ಇರುವ ಇಂಡಿಯಾ ಇಂಗ್ಲಿಷ್ ಲೇಔಟ್ ಆರಿಸಿ, ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ. ಕನ್ನಡವನ್ನು ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎರಡನೆಯ ಲೇಔಟ್ ಆಗಿ ಸೇರಿಸಿ. ಪಟ್ಟಿಯಲ್ಲಿ ಬರೀ 'ಕನ್ನಡ' ಅಂತ ಇರುವುದು ಇನ್‌ಸ್ಕ್ರಿಪ್ಟ್. ಕಗಪ ಅಭ್ಯಾಸ ಇರುವವರಿಗೆ 'ಕಗಪ ಫೊನೆಟಿಕ್' ಬೇರೆಯೇ ಇದೆ.

ಡಿಸ್ಕ್ ಪಾಸ್‌ವರ್ಡ್ ಜಾಗದಲ್ಲಿ ನಿಂತರೆ

ಮೊದಲು ಎಸ್ಕೇಪ್ ಒತ್ತಿ ಚಿತ್ರದ ಪರದೆಯಿಂದ ಅಕ್ಷರದ ಪರದೆಗೆ ಹೋಗಿ ನೋಡಿ. ಅಲ್ಲೂ ಆಗದಿದ್ದರೆ, ಬೂಟ್‌ನ ಆ ಹಂತದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಪುಟ್ಟ ಇಮೇಜ್ ಒಳಗೆ ನಿಮ್ಮ ಕೀಬೋರ್ಡಿನ ಡ್ರೈವರ್ ಸೇರಿಲ್ಲದಿರಬಹುದು. ಆರ್ಚ್ ಬಳಸುವವರು ಆ ಇಮೇಜ್ ಕಟ್ಟುವ ಎಂಕೆಇನಿಟ್‌ಸಿಪಿಐಒ ಪ್ರೋಗ್ರಾಂನ ಹುಕ್ಸ್ ಸಾಲಿನಲ್ಲಿ 'ಕೀಬೋರ್ಡ್' ಅನ್ನು 'ಆಟೋಡಿಟೆಕ್ಟ್'ಗಿಂತ ಮುಂಚೆ ಇಡಬೇಕು. ಅದರ ನಂತರ ಇಟ್ಟರೆ ಇಮೇಜ್ ಕಟ್ಟುವಾಗ ಯಾವ ಕೀಬೋರ್ಡ್ ಇತ್ತೋ ಅದಕ್ಕೆ ಬೇಕಾದದ್ದು ಮಾತ್ರ ಒಳಗೆ ಹೋಗುತ್ತದೆ. ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಬಳಸುವ ಉಬುಂಟು, ಡೆಬಿಯನ್‌ನವರು ಬೇಕಾದ ಮಾಡ್ಯೂಲ್ (ಡ್ರೈವರ್) ಹೆಸರನ್ನು /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್ ಫೈಲಿನಲ್ಲಿ ಬರೆದು 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಹೊಡೆಯಿರಿ.

ಮ್ಯಾಕ್‌ಬುಕ್, ಸರ್ಫೇಸ್ ಇರುವವರಿಗೆ ಮೇಲಿನ 8042 ಕಥೆ ಹೆಚ್ಚು ಉಪಯೋಗ ಇಲ್ಲ. 2016, 2017ರ ಮ್ಯಾಕ್‌ಬುಕ್ ಪ್ರೊಗೆ ಕರ್ನಲ್ 5.3ರಿಂದ ಆಪಲ್‌ಎಸ್‌ಪಿಐ ಡ್ರೈವರ್ ಇದೆ. ಟಿ2 ಚಿಪ್ ಇರುವ ಮ್ಯಾಕ್‌ಗಳಿಗೆ ಟಿ2ಲಿನಕ್ಸ್ ಪ್ರಾಜೆಕ್ಟ್‌ನವರ ಇಮೇಜ್ ಹಾಕುವುದೇ ಸಲೀಸು.

ಹೆಜ್ಜೆ 5: ಸಿಕ್ಕಿದ ಮದ್ದನ್ನು ಖಾಯಂ ಮಾಡುವುದು

ಯುಎಸ್‌ಬಿ ಕೀಬೋರ್ಡ್ ಇಟ್ಟುಕೊಂಡೇ ಇನ್‌ಸ್ಟಾಲ್ ಮುಗಿಸಿ. ಹೊಸ ಸಿಸ್ಟಮ್ ಎದ್ದ ಮೇಲೆ, ಉಬುಂಟು ಕುಟುಂಬದವರು:

ಸುಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್

ಅದರಲ್ಲಿ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಅಂತ ದೊಡ್ಡ ಅಕ್ಷರದಲ್ಲಿರುವ ಸಾಲಿಗೆ ಹೋಗಿ. ಉದ್ಧರಣ ಚಿಹ್ನೆಯ ಒಳಗೆ, 'ಕ್ವಯಟ್ ಸ್ಪ್ಲ್ಯಾಶ್' ಆದಮೇಲೆ ಸ್ಪೇಸ್ ಬಿಟ್ಟು ನಿಮಗೆ ಕೆಲಸ ಮಾಡಿದ ಸೂಚನೆ ಬರೆಯಿರಿ. ಚಿಹ್ನೆಯ ಹೊರಗೆ ಬರೆದು ಒದ್ದಾಡಿದವರನ್ನು ನೋಡಿದ್ದೇನೆ. ಉಳಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಹೊಡೆದು ರೀಸ್ಟಾರ್ಟ್ ಮಾಡಿ.

ಫೆಡೋರಾದಲ್ಲಿ ಒಂದೇ ಸಾಲು:

ಸುಡೊ ಗ್ರಬ್ಬಿ --ಅಪ್‌ಡೇಟ್-ಕರ್ನಲ್=ಆಲ್ --ಆರ್ಗ್ಸ್="ಐ8042.ನೋಮಕ್ಸ್"

ಗ್ರಬ್ಬಿ ಅಂದರೆ ಜಿ-ಆರ್-ಯು-ಬಿ-ಬಿ-ವೈ. ಇಲ್ಲಿ 'ಆಲ್' ಮಾತ್ರ ದೊಡ್ಡ ಅಕ್ಷರ. ನೋಮಕ್ಸ್ ಜಾಗದಲ್ಲಿ ನಿಮ್ಮ ಸೂಚನೆ.

ಏನು ಮಾಡಿದರೂ ಅಂಕಿ ಏರುತ್ತಿಲ್ಲ, ಓವರ್‌ರೈಡ್ ಸಾಲು ಮಾತ್ರ ಬರುತ್ತಲೇ ಇದೆ ಅಂದರೆ ನಿಮ್ಮ ಮಾದರಿ ಇನ್ನೂ ಕರ್ನಲ್‌ನ ಪಟ್ಟಿ ಸೇರಿಲ್ಲ ಅನ್ನುವುದೇ ಹೆಚ್ಚು ಸಂಭವ. ಆ ಪಟ್ಟಿ ಮದರ್‌ಬೋರ್ಡ್ ಹೆಸರಿನ ಮೇಲೆ ನಡೆಯುತ್ತದೆ. 'ಸುಡೊ ಡಿಎಂಐಡಿಕೋಡ್ -ಎಸ್ ಬೇಸ್‌ಬೋರ್ಡ್-ಪ್ರಾಡಕ್ಟ್-ನೇಮ್' ಹೊಡೆದರೆ ಹೆಸರು ಸಿಗುತ್ತದೆ. ಅದು, ಡಿಮೆಸ್ಗ್‌ನ ಪೂರ್ತಿ ಉತ್ತರ, ಕರ್ನಲ್ ನಂಬರ್, ಈ ಮೂರನ್ನೂ ಸೇರಿಸಿ ಕರ್ನಲ್‌ನ ಬಗ್‌ಜಿಲ್ಲಾದಲ್ಲಿ ದೂರು ಹಾಕಿ. ಪ್ಯಾಚ್ ಬರುವವರೆಗೆ ಯುಎಸ್‌ಬಿ ಕೀಬೋರ್ಡನ್ನು ಪಕ್ಕದ ಮನೆಗೆ ವಾಪಸ್ ಕೊಡಬೇಡಿ.